ಗಜನಿ: ಭಟ್ಕಳ–ಹೊನ್ನಾವರ–ಕುಮಟಾ ಕರಾವಳಿಯ ಸವಳು ಮಣ್ಣು

ಭಟ್ಕಳ ಪೇಟೆಯಿಂದ ಉತ್ತರಕ್ಕೆ, ವೆಂಕಟಾಪುರ ಹೊಳೆ ಅರಬ್ಬಿ ಸಮುದ್ರ ಸೇರುವ ಅಳಿವೆಯ ಬದಿಗೆ ತೆಂಗಿನಗುಂಡಿ ಇದೆ. ಹೊರಗಿನವರಿಗೆ ಅದು ಬೋಟುಗಳ ಬಂದರು, ಮೀನಿನ ಊರು. ಮಣ್ಣು ನೋಡುವವರಿಗೆ ಅದೇ ಊರು ಬೇರೆ ರೀತಿ ಕಾಣುತ್ತದೆ. ಕಡಲಂಚಿಗೆ ಮರಳದಿಣ್ಣೆ, ಅದರ ಬೆನ್ನಿಗೆ ಹೊಳೆಯ ಹಿನ್ನೀರು ಆಡುವ ತಗ್ಗು, ಅದರಾಚೆ ಕೆಂಪು ಚಿರೇಕಲ್ಲಿನ ಗುಡ್ಡ. ಭಟ್ಕಳದ ಕಡೆ ಸಹ್ಯಾದ್ರಿ ಸಮುದ್ರಕ್ಕೆ ತೀರ ಹತ್ತಿರ ಬರುವುದರಿಂದ ನಡುವಿನ ಈ ತಗ್ಗು ಕಿರಿದು. ಉತ್ತರಕ್ಕೆ ಹೋದಂತೆ, ಹೊನ್ನಾವರದ ಶರಾವತಿ ಮತ್ತು ಕುಮಟಾದ ಅಘನಾಶಿನಿ ಅಳಿವೆಗಳ ಸುತ್ತ ಅದು ಅಗಲವಾಗಿ ಹರಡಿಕೊಳ್ಳುತ್ತದೆ. ಭರತದ ನೀರು ತಲುಪಬಲ್ಲ ಇಂಥ ತಗ್ಗು ಬಯಲನ್ನು, ಅದರಲ್ಲೂ ಒಡ್ಡು ಕಟ್ಟಿ ಗದ್ದೆ ಮಾಡಿಕೊಂಡದ್ದನ್ನು, ಉತ್ತರ ಕನ್ನಡದ ಜನ ಗಜನಿ ಎನ್ನುತ್ತಾರೆ.

ಗಜನಿ ಮಣ್ಣಿನ ಬಗ್ಗೆ ಮೊದಲು ತಿಳಿಯಬೇಕಾದದ್ದು ಇಷ್ಟು: ಅದರ ಉಪ್ಪು ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮೇ ತಿಂಗಳಲ್ಲಿ ಉಪ್ಪಿನ ಬಿಳಿ ಪದರ ಕಟ್ಟಿದ ಅದೇ ಗದ್ದೆ ಆಗಸ್ಟ್‌ನಲ್ಲಿ ಭತ್ತ ಬೆಳೆಯುವಷ್ಟು ಸಿಹಿಯಾಗಿರುತ್ತದೆ. ಪುಸ್ತಕದ ವರ್ಗೀಕರಣ ಈ ಏರಿಳಿತವನ್ನು ಸರಿಯಾಗಿ ಹಿಡಿಯುವುದಿಲ್ಲ; ರೈತರ ಪಂಚಾಂಗ ಹಿಡಿಯುತ್ತದೆ.

ಪುಸ್ತಕದ ಲೆಕ್ಕ ಹೀಗಿದೆ. ಮಣ್ಣಿಗೆ ಶುದ್ಧ ನೀರು ಬೆರೆಸಿ ತೊಯ್ದ ಮುದ್ದೆ ಮಾಡಿ, ಅದರಿಂದ ಹೀರಿ ತೆಗೆದ ನೀರಿನ ವಿದ್ಯುತ್ ವಾಹಕತೆಯನ್ನು ಅಳೆಯುತ್ತಾರೆ. ಅದು ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಸವಳು ಮಣ್ಣು. ಅಮೆರಿಕದ ಲವಣ ಪ್ರಯೋಗಾಲಯ 1954ರ ತನ್ನ ಕೈಪಿಡಿಯಲ್ಲಿ ಈ ಗೆರೆ ಎಳೆಯಿತು. ಜಗತ್ತು ಇಂದಿಗೂ ಅದನ್ನೇ ಬಳಸುತ್ತಿದೆ. ಇದರ ಜೊತೆಗೆ ಇನ್ನೆರಡು ಷರತ್ತುಗಳಿವೆ: ರಸಸಾರ, ಅಂದರೆ ಪಿಎಚ್, 8.5ಕ್ಕಿಂತ ಕಡಿಮೆ ಇರಬೇಕು. ಜೇಡಿ ಕಣಗಳಿಗೆ ಅಂಟಿದ ಸೋಡಿಯಂ ಪಾಲು ಶೇ 15ರ ಒಳಗಿರಬೇಕು. ಸೋಡಿಯಂ ಪಾಲು ಅದನ್ನು ಮೀರಿ, ಕರಗಿದ ಉಪ್ಪು ಕಡಿಮೆಯಿದ್ದರೆ ಅದು ಕ್ಷಾರ ಮಣ್ಣು. ಎರಡೂ ಕೂಡಿದರೆ ಸವಳು-ಕ್ಷಾರ. ಹೋಲಿಕೆಗೆ ಹೇಳುವುದಾದರೆ ಸಮುದ್ರದ ನೀರಿನ ವಾಹಕತೆ 50 ಡೆಸಿಸೀಮೆನ್ಸ್‌ಗೂ ಮೇಲೆ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು.

ಭಾರತದಲ್ಲಿ ಉಪ್ಪಿನಿಂದ ಕೆಟ್ಟ ನೆಲ ಸುಮಾರು 67 ಲಕ್ಷ ಹೆಕ್ಟೇರ್ ಎಂಬುದು ಹರಿಯಾಣದ ಕರ್ನಾಲ್‌ನಲ್ಲಿ 1969ರಲ್ಲಿ ಆರಂಭವಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಬಳಸುವ ಅಂಕಿ. ಅದರಲ್ಲಿ ಕರಾವಳಿಯ ಸವಳು ನೆಲ 12 ಲಕ್ಷ ಹೆಕ್ಟೇರಿಗೆ ತುಸು ಮೇಲೆ. ಕರಾವಳಿ ಮಣ್ಣಿನ ವಾಹಕತೆ ಮಳೆಗಾಲದಲ್ಲಿ ಅರ್ಧ ಡೆಸಿಸೀಮೆನ್ಸ್‌ಗೆ ಇಳಿದು ಬೇಸಿಗೆಯಲ್ಲಿ 50ರವರೆಗೂ ಏರಬಹುದೆಂದು ಈ ಕ್ಷೇತ್ರದ ವಿಜ್ಞಾನಿಗಳು ಬರೆಯುತ್ತಾರೆ. ನೂರು ಪಟ್ಟು ವ್ಯತ್ಯಾಸ! ಇಂಥ ಮಣ್ಣಿಗೆ ವಾರ್ಷಿಕ ಸರಾಸರಿ ತೆಗೆದರೆ ಆ ಸಂಖ್ಯೆ ಯಾವ ತಿಂಗಳಿಗೂ ಹೊಂದುವುದಿಲ್ಲ.

ಕರ್ನಾಟಕದವರಿಗೆ ಸವಳು ಎಂದೊಡನೆ ನೆನಪಾಗುವುದು ತುಂಗಭದ್ರಾ ಅಚ್ಚುಕಟ್ಟು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಹಲವು ದಶಕಗಳಿಂದ ಅಲ್ಲಿನ ಕಪ್ಪುಮಣ್ಣಿನ ಸವಳು-ಜವಳಿನ ಮೇಲೆ ಕೆಲಸ ಮಾಡುತ್ತಿದೆ. ಆ ಉಪ್ಪಿಗೂ ಗಜನಿಯ ಉಪ್ಪಿಗೂ ಹುಟ್ಟು ಬೇರೆ. ಅಲ್ಲಿ ಕಾಲುವೆ ನೀರು ಅಂತರ್ಜಲವನ್ನು ಮೇಲೆತ್ತಿತು, ಮಣ್ಣೊಳಗೆ ಮೊದಲೇ ಇದ್ದ ಲವಣ ಅದರ ಜೊತೆ ಏರಿತು, ಒಣ ಹವೆಯಲ್ಲಿ ಅದನ್ನು ತೊಳೆಯುವಷ್ಟು ಮಳೆ ಇಲ್ಲ. ಹಾಗಾಗಿ ನೆಲದಡಿ ಬಸಿಗಾಲುವೆ ಹೂಳಬೇಕು, ಜಿಪ್ಸಂ ಹಾಕಬೇಕು. ಉತ್ತರ ಕನ್ನಡದ ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಪ್ಪು ತೊಳೆಯುವ ಕೂಲಿಯನ್ನು ಮುಂಗಾರೇ ಮಾಡಿಕೊಡುತ್ತದೆ. ರೈತನಿಗೆ ಉಳಿಯುವ ಕೆಲಸ ತೊಳೆದ ನೀರನ್ನು ಹೊರಗೆ ಬಿಡುವುದು, ಸಮುದ್ರವನ್ನು ಒಳಗೆ ಬಿಡದಿರುವುದು.

ಉಪ್ಪು ಒಳಬರುವ ದಾರಿಗಳು ಮೂರು. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತ ಒಡ್ಡಿನ ತಲೆ ಮೀರಿಯೋ ಬಿರುಕಿನಿಂದಲೋ ನೇರ ನುಗ್ಗುತ್ತದೆ. ನೆಲದಡಿಯಿಂದ ಹೊಳೆಯ ಉಪ್ಪುನೀರು ನಿಧಾನಕ್ಕೆ ಜಿನುಗುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು: ಮಳೆ ನಿಂತ ಮೇಲೆ ಬಿಸಿಲು ಮೇಲ್ಮಣ್ಣಿನ ತೇವವನ್ನು ಹೀರುತ್ತ ಹೋದಂತೆ, ಜೇಡಿಯ ಸೂಕ್ಷ್ಮ ರಂಧ್ರಗಳ ಮೂಲಕ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಕೆಳಗಿನ ನೀರು ಮೇಲೇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಅಂತರ್ಜಲ ಒಂದೆರಡು ಮೀಟರ್ ಆಳದಲ್ಲೇ ಇರುವ ಈ ತಗ್ಗುಗಳಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಇದೇ ನಡೆಯುವುದು. ಗದ್ದೆಯ ಮೇಲೆ ಹುಲ್ಲು, ತರಗು, ಕೊನೆಗೆ ತೆಳು ನೀರಿನ ಹೊದಿಕೆ ಇದ್ದರೂ ಈ ಏರಿಕೆ ತಗ್ಗುತ್ತದೆ. ಬೋಳು ನೆಲ ಎಲ್ಲಕ್ಕಿಂತ ಬೇಗ ಬೆಳ್ಳಗಾಗುತ್ತದೆ.

ಸಮುದ್ರದ ಉಪ್ಪಿನಲ್ಲಿ ತೂಕದ ಲೆಕ್ಕಕ್ಕೆ ಕ್ಲೋರೈಡ್ ಶೇ 55, ಸೋಡಿಯಂ ಶೇ 31ರ ಸುಮಾರು. ಉಳಿದದ್ದರಲ್ಲಿ ಸಲ್ಫೇಟ್ ಶೇ 8ರ ಹತ್ತಿರ, ಮೆಗ್ನೀಸಿಯಂ ಶೇ 4ರ ಹತ್ತಿರ. ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಲಾ ಒಂದು ಶೇಕಡಾ ಆಸುಪಾಸು. ಗಜನಿಯ ಮಣ್ಣಿನ ದ್ರಾವಣವೂ ಇದೇ ಕ್ರಮವನ್ನು ಅನುಸರಿಸುತ್ತದೆ: ಅಡುಗೆ ಉಪ್ಪೇ ಮುಂದೆ, ಕ್ಯಾಲ್ಸಿಯಂಗಿಂತ ಮೆಗ್ನೀಸಿಯಂ ಹೆಚ್ಚು. ಇಷ್ಟೊಂದು ಸೋಡಿಯಂ ಇದ್ದೂ ಮಣ್ಣು ಪೂರಾ ಕೆಟ್ಟು ಹೋಗದಿರಲು ಒಂದು ಕಾರಣ ಚಿಪ್ಪು. ಅಳಿವೆಯ ಕೆಸರಿನಲ್ಲಿ ಬಳಚು, ಸಿಂಪಿಗಳ ಹಳೆಯ ಚಿಪ್ಪುಗಳು ಬೆರೆತಲ್ಲಿ ಅವು ನಿಧಾನಕ್ಕೆ ಕರಗಿ ಕ್ಯಾಲ್ಸಿಯಂ ಒದಗಿಸುತ್ತವೆ.

ಜೇಡಿಯ ವರ್ತನೆ ವಿಚಿತ್ರ. ಹೊಳೆ ಘಟ್ಟದಿಂದ ಹೊತ್ತು ತಂದ ಸಣ್ಣ ಕಣಗಳು ಸಿಹಿನೀರಿನಲ್ಲಿ ತೇಲುತ್ತಲೇ ಇರುತ್ತವೆ; ಉಪ್ಪುನೀರು ತಾಗಿದೊಡನೆ ಒಂದಕ್ಕೊಂದು ಅಂಟಿ ಗಂಟಾಗಿ ತಳಕ್ಕಿಳಿಯುತ್ತವೆ. ಅಳಿವೆಯಲ್ಲಿ ಇಷ್ಟು ಕೆಸರು ಕೂಡುವುದು, ಗಜನಿ ಎಂಬ ನೆಲ ಹುಟ್ಟಿದ್ದು ಈ ಉಪ್ಪಿನ ದೆಸೆಯಿಂದಲೇ. ಮಳೆಗಾಲದಲ್ಲಿ ಕಥೆ ತಿರುಗುತ್ತದೆ. ಕರಗಿದ ಉಪ್ಪು ತೊಳೆದು ಹೋಗುತ್ತದೆ, ಕಣಕ್ಕೆ ಅಂಟಿದ ಸೋಡಿಯಂ ಅಷ್ಟು ಬೇಗ ಬಿಡುವುದಿಲ್ಲ. ಆಗ ಗಂಟುಗಳು ಬಿಡಿಸಿಕೊಂಡು ಮಣ್ಣು ಜಾರುವ ಲೇಪವಾಗುತ್ತದೆ, ನೀರು ಕೆಳಗಿಳಿಯುವುದು ಬಹುತೇಕ ನಿಲ್ಲುತ್ತದೆ. ಭತ್ತಕ್ಕೆ ಇದು ತೊಂದರೆಯಲ್ಲ, ನಿಂತ ನೀರು ಅದಕ್ಕೆ ಬೇಕು. ಬೇಸಿಗೆಯಲ್ಲಿ ಅದೇ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ, ಬಿರುಕು ಬಿಟ್ಟು, ನೇಗಿಲನ್ನು ತಡೆಯುತ್ತದೆ.

ಇನ್ನೊಂದು ಗುಣ ಹೊರಗಿನವರ ಗಮನಕ್ಕೆ ಬರುವುದು ಕಡಿಮೆ: ಹುಳಿ. ಉಪ್ಪುಮಣ್ಣೆಂದರೆ ಕ್ಷಾರವೆಂದು ಓದಿದವರಿಗೆ ಪಶ್ಚಿಮ ಕರಾವಳಿಯ ಅನೇಕ ತಗ್ಗುಗಳು ಆಮ್ಲೀಯ ಎಂಬುದು ಸೋಜಿಗ. ಚಿರೇಕಲ್ಲಿನ ಗುಡ್ಡಗಳಿಂದ ಕಬ್ಬಿಣ ಬರುತ್ತದೆ. ಸಮುದ್ರ ಸಲ್ಫೇಟ್ ತರುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಕೊಳೆಯುವ ಎಲೆ-ಬೇರು ಕೊಡುತ್ತವೆ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಈ ಮೂರನ್ನೂ ಸೇರಿಸಿ ಪೈರೈಟ್ ಮಾಡುತ್ತವೆ. ಇಳಿತದ ಹೊತ್ತಿಗೆ ಹಿನ್ನೀರಿನ ಬದಿಯಲ್ಲಿ ಬರುವ ಕೊಳೆತ ಮೊಟ್ಟೆಯ ವಾಸನೆ ಈ ಗಂಧಕದ್ದೇ. ಕೆಸರು ಒದ್ದೆಯಾಗಿರುವ ತನಕ ಪೈರೈಟ್ ನಿರುಪದ್ರವಿ. ಅದನ್ನು ಅಗೆದು ಒಣಗಿಸಿದರೆ ಆಮ್ಲಜನಕ ತಾಗಿ ಗಂಧಕಾಮ್ಲ ಹುಟ್ಟುತ್ತದೆ, ಅಲ್ಯೂಮಿನಿಯಂ, ಕಬ್ಬಿಣಗಳು ವಿಷದ ಮಟ್ಟಕ್ಕೆ ಕರಗುತ್ತವೆ, ಬಿರುಕುಗಳಲ್ಲಿ ಹುಲ್ಲುಹಳದಿ ಬಣ್ಣದ ಕಲೆ ಕಾಣುತ್ತದೆ. ಕೇರಳದ ಕುಟ್ಟನಾಡಿನ ‘ಕರಿ’ ನೆಲಗಳು ಇದಕ್ಕೆ ಹೆಸರಾದ ಉದಾಹರಣೆ. ಕಾಂಡ್ಲಾ ಕಡಿದು ಆಳವಾಗಿ ಕೊಳ ತೋಡುವವರು ಹೊರಗೆ ಹಾಕುವ ಕಪ್ಪು ಮಣ್ಣು ಕೆಲವೇ ತಿಂಗಳಲ್ಲಿ ಹುಲ್ಲೂ ಹುಟ್ಟದ ದಿಬ್ಬವಾಗುವುದು ಇದರಿಂದಲೇ ಇರಬಹುದು.

ಉಪ್ಪು ಗಿಡವನ್ನು ಎರಡು ಬಗೆಯಲ್ಲಿ ಕಾಡುತ್ತದೆ. ಬೇರಿನ ಸುತ್ತ ನೀರಿದ್ದೂ ಗಿಡ ಹೀರಲಾರದು. ಒಳಗೆ ಹೋದ ಸೋಡಿಯಂ, ಕ್ಲೋರೈಡ್‌ಗಳು ಎಲೆಯ ತುದಿಯನ್ನು ಸುಡುತ್ತವೆ. ಇದಕ್ಕೆ ಒಂದೊಂದು ಸಸ್ಯ ಒಂದೊಂದು ಉಪಾಯ ಮಾಡಿಕೊಂಡಿದೆ. ಕಾಂಡ್ಲಾಗಳಲ್ಲಿ ರೈಜೋಫೊರ ಬೇರಿನಲ್ಲೇ ಉಪ್ಪನ್ನು ಸೋಸಿ ಬಿಡುತ್ತದೆ; ಅವಿಸೆನ್ನಿಯ ಒಳಗೆ ತೆಗೆದುಕೊಂಡು ಎಲೆಯಿಂದ ಹೊರಹಾಕುತ್ತದೆ, ಅದರ ಎಲೆ ನೆಕ್ಕಿದರೆ ಉಪ್ಪು. ನೆಲಕ್ಕೆ ಹಬ್ಬುವ ಸೆಸುವಿಯಂ ದಪ್ಪ ಎಲೆಯಲ್ಲಿ ನೀರು ತುಂಬಿಕೊಂಡು ಉಪ್ಪನ್ನು ತೆಳುವಾಗಿಸುತ್ತದೆ. ಮುಳ್ಳಿನ ಹೊಳೆಚುಳ್ಳಿ ಹೊಳೆಯ ಅಂಚಿಗೆ, ರಾವಣನ ಮೀಸೆ ಮರಳದಿಣ್ಣೆಗೆ. ಮರಳಿನಲ್ಲಿ ಉಪ್ಪು ನಿಲ್ಲುವುದೂ ಇಲ್ಲ, ನೀರು ನಿಲ್ಲುವುದೂ ಇಲ್ಲ. ಆದ್ದರಿಂದ ದಿಣ್ಣೆಯ ಮಣ್ಣು ಸಮುದ್ರಕ್ಕೆ ಹತ್ತಿರವಿದ್ದೂ ಹಿಂದಿನ ತಗ್ಗಿಗಿಂತ ಸಿಹಿ. ಊರುಗಳೂ ತೆಂಗಿನ ಸಾಲುಗಳೂ ಕರಾವಳಿಯುದ್ದಕ್ಕೂ ದಿಣ್ಣೆಯ ಮೇಲೆ ಕೂತಿರುವುದರಲ್ಲಿ ಈ ಲೆಕ್ಕವಿದೆ. ತೆಂಗಿಗಂತೂ ಕ್ಲೋರೈಡ್ ಬೇಕಾದ ಪೋಷಕಾಂಶ. ಗುಂಡಿಗೆ ಉಪ್ಪು ಹಾಕಿ ಸಸಿ ನೆಡುವ ರೂಢಿಗೆ ವಿಜ್ಞಾನದ ಬೆಂಬಲವೂ ಇದೆ.

ಗಜನಿ ಮೇವಿನ ನೆಲವೂ ಹೌದು, ಆದರೆ ಇಕ್ಕಟ್ಟಿನದು. ಗುಜರಾತಿನ ಕಚ್ಛದ ಬನ್ನಿ ಹುಲ್ಲುಗಾವಲು ಸುಮಾರು 2,500 ಚದರ ಕಿಲೋಮೀಟರ್ ವಿಸ್ತಾರದ ಉಪ್ಪು ಬಯಲು. ಅಲ್ಲಿ ಎಮ್ಮೆಗಳ ಹಿಂಡನ್ನೇ ನಂಬಿದ ಬದುಕಿದೆ. ಅಮೆರಿಕದಲ್ಲಿ ಮೆಕ್ಸಿಕೋ ಕೊಲ್ಲಿಯ ಅಂಚಿಗಿರುವ ಟೆಕ್ಸಸ್, ಲೂಸಿಯಾನಗಳ ಉಪ್ಪು ಬಯಲಿನಲ್ಲಿ ದನ ಸಾಕುವವರು ಒರಟು ಕಾರ್ಡ್‌ಗ್ರಾಸ್‌ಗೆ ಬೆಂಕಿ ಕೊಟ್ಟು, ಎಳೆ ಚಿಗುರು ಬಂದಾಗ ದನ ಬಿಡುತ್ತಾರೆ. ಉತ್ತರ ಕನ್ನಡದಲ್ಲಿ ಹುಲ್ಲುಗಾವಲೆಂದರೆ ಮೇಲಿನ ಬೇಣ. ಕೆಳಗೆ ಗಜನಿಯಲ್ಲಿ ದನಕ್ಕೆ ಸಿಗುವುದು ಒಡ್ಡಿನ ಮೈ, ಕೊಯ್ಲಾದ ಗದ್ದೆಯ ಕೂಳೆ, ಹಾಳುಬಿಟ್ಟ ತುಂಡುಗಳು. ಮಲೆನಾಡು ಗಿಡ್ಡದಂಥ ಹಗುರ ತಳಿ ಇದಕ್ಕೆ ತಕ್ಕದ್ದು. ಭಾರದ ದನ ಒದ್ದೆ ಜೇಡಿಯಲ್ಲಿ ಗೊರಸು ಊರಿದಲ್ಲೆಲ್ಲ ಗುಳಿ ಬೀಳುತ್ತದೆ, ಗುಳಿಯಲ್ಲಿ ನಿಂತ ಉಪ್ಪುನೀರು ಆರಿ ಹುಲ್ಲು ಸತ್ತ ಬಿಳಿ ಮಚ್ಚೆಗಳಾಗುತ್ತವೆ. ಉಪ್ಪುಹುಲ್ಲಿನಲ್ಲಿ ಬೂದಿಯ ಅಂಶ ಹೆಚ್ಚು, ಕಸುವು ಕಡಿಮೆ. ಅದನ್ನು ತಿಂದ ದನಕ್ಕೆ ನೀರು ಹೆಚ್ಚು ಬೇಕು, ಆ ನೀರು ಸಿಹಿಯಾಗಿಯೇ ಇರಬೇಕು: ಲೀಟರಿಗೆ 10 ಗ್ರಾಂ ಉಪ್ಪು ಮೀರಿದ ನೀರು ಜಾನುವಾರಿಗೆ ಆಗದು. ಹೀಗಾಗಿ ಮೇವಿನ ಮಿತಿಯನ್ನು ಹುಲ್ಲಿಗಿಂತ ಮೊದಲು ಬೇಸಿಗೆಯ ಬಾವಿ ನಿರ್ಧರಿಸುತ್ತದೆ.

ಗಜನಿಯ ಮುಖ್ಯ ಬೆಳೆ ಕಗ್ಗ. ಸಾಮಾನ್ಯ ಭತ್ತ 3 ಡೆಸಿಸೀಮೆನ್ಸ್ ದಾಟಿದರೆ ಇಳುವರಿ ಕಳೆದುಕೊಳ್ಳತೊಡಗುತ್ತದೆ. ಆಮೇಲಿನ ಒಂದೊಂದು ಡೆಸಿಸೀಮೆನ್ಸ್‌ಗೂ ಶೇ 12ರಷ್ಟು ನಷ್ಟವೆಂಬುದು ಬಹಳ ಕಡೆ ಬಳಕೆಯಲ್ಲಿರುವ ಸೂತ್ರ. ಕಗ್ಗ ಆ ಮಿತಿಯನ್ನು ಮೀರಿ ನಿಲ್ಲುತ್ತದೆ. ಎತ್ತರದ ದಂಟು, ಮೀಸೆಯುಳ್ಳ ತೆನೆ, ಕೆಂಪಕ್ಕಿ. ಕರಿಕಗ್ಗ, ಬಿಳಿಕಗ್ಗವೆಂಬ ಬಗೆಗಳಿವೆ. ನೆರೆನೀರಿನಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಭತ್ತ ಉಪ್ಪಿಗೆ ಹೆಚ್ಚು ಹೆದರುವುದು ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ. ಆದ್ದರಿಂದ ಮುಂಗಾರಿನ ಮೊದಲ ಮಳೆಗಳು ಉಪ್ಪು ತೊಳೆಯುವವರೆಗೆ ಕಾದು ಮೊಳಕೆ ಬಂದ ಬೀಜ ಚೆಲ್ಲುತ್ತಾರೆ. ಮಳೆ ಮುಗಿದು ಉಪ್ಪು ಮರಳುವ ಮೊದಲು ತೆನೆ ಬಲಿತಿರಬೇಕು. ಗೊಬ್ಬರ ಹಾಕುವ ರೂಢಿ ಇಲ್ಲ. ಭರತ ತಂದ ಕೆಸರು, ಪಾಚಿ, ಮೀನು-ಸಿಗಡಿಗಳು ಬಿಟ್ಟುಹೋದದ್ದೇ ಸಾರ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟುಕೊಂಡು ಅದೇ ಗದ್ದೆಯಲ್ಲಿ ಸಿಗಡಿ, ಮೀನು ಹಿಡಿಯುತ್ತಾರೆ. ಕೇರಳದ ಪೊಕ್ಕಾಳಿ, ಕಣ್ಣೂರಿನ ಕೈಪಾಡ್, ಗೋವಾದ ಖಜಾನ್ ಹೊಲಗಳ ಕೊರ್ಗುಟ್ ಭತ್ತ ಇವೆಲ್ಲ ಇದೇ ಪದ್ಧತಿಯ ಬಂಧುಗಳು. ಪೊಕ್ಕಾಳಿಯಿಂದ ಗುರುತಿಸಿದ ‘ಸಾಲ್ಟಾಲ್’ ಎಂಬ ಜೀನ್ ಭಾಗ ಇಂದು ಅಂತರರಾಷ್ಟ್ರೀಯ ಭತ್ತ ತಳಿ ಅಭಿವೃದ್ಧಿಯಲ್ಲಿ ಬಳಕೆಯಲ್ಲಿದೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಭಾಗದ ರೈತರು ಕಗ್ಗವನ್ನು ಉಳಿಸಿಕೊಂಡು ಬಂದವರೆಂದು ಹೆಸರಾಗಿದ್ದಾರೆ.

ಇಡೀ ವ್ಯವಸ್ಥೆ ನಿಂತಿರುವುದು ಒಡ್ಡು ಮತ್ತು ಜಂತ್ರಡಿಯ ಮೇಲೆ. ಜಂತ್ರಡಿಯೆಂದರೆ ಒಡ್ಡಿನಲ್ಲಿ ಕೂರಿಸಿದ ಬಾಗಿಲು: ಇಳಿತದಲ್ಲಿ ತೆರೆದರೆ ಗದ್ದೆಯ ನೀರು ಹೊಳೆಗೆ, ಭರತದಲ್ಲಿ ಮುಚ್ಚಿದರೆ ಸಮುದ್ರ ಹೊರಗೆ. ಅದನ್ನು ಯಾರು, ಯಾವ ದಿನ ತೆರೆಯುತ್ತಾರೆ ಎಂಬುದರ ಮೇಲೆ ಮಣ್ಣಿನ ಉಪ್ಪು ನಿಂತಿದೆ. ಹಿಂದೆ ಊರವರೇ ಸೇರಿ ಮಣ್ಣಿನ ಒಡ್ಡನ್ನು ವರ್ಷವರ್ಷ ದುರಸ್ತಿ ಮಾಡಿಕೊಳ್ಳುತ್ತಿದ್ದರು. ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1948ರಲ್ಲಿ, ಆ ಪ್ರಾಂತ್ಯದ ಖಾರ್‌ಲ್ಯಾಂಡ್ (ಉಪ್ಪುನೆಲ) ಕಾಯ್ದೆ ಬಂತು. 1956ರಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ದಶಕಗಳಲ್ಲಿ ಸರ್ಕಾರ ಕಲ್ಲಿನ ಶಾಶ್ವತ ಒಡ್ಡುಗಳನ್ನು ಕಟ್ಟಿತು. ಖಾರ್‌ಲ್ಯಾಂಡ್ ಎಂಬ ಹೆಸರು ಸಣ್ಣ ನೀರಾವರಿಯ ಕಾಮಗಾರಿಗಳಲ್ಲಿ ಈಗಲೂ ಉಳಿದಿದೆ. ಒಡ್ಡು ಗಟ್ಟಿಯಾಯಿತು, ಆದರೆ ಸಣ್ಣ ಬಿರುಕನ್ನು ಅಂದೇ ಮುಚ್ಚುತ್ತಿದ್ದ ಊರ ಕೈ ಸಡಿಲವಾಯಿತು. ಸೆಪ್ಟೆಂಬರ್‌ನಲ್ಲಿ ಒಂದು ಕಡೆ ಒಡ್ಡು ಕುಸಿದರೆ ಹೂ ಬಿಟ್ಟ ಇಡೀ ಗಜನಿ ಒಂದು ಭರತಕ್ಕೆ ಹೋಗುತ್ತದೆ.

1980–90ರ ದಶಕಗಳ ಸಿಗಡಿ ಕೃಷಿ ಪಂಚಾಂಗವನ್ನೇ ಮುರಿಯಿತು. ಸಿಗಡಿಗೆ ಮಳೆಗಾಲದಲ್ಲೂ ಉಪ್ಪುನೀರು ಬೇಕು, ಭತ್ತಕ್ಕೆ ಬೇಡ. ಬಾಗಿಲು ಸಿಗಡಿಯ ಕಡೆ ವಾಲಿದಲ್ಲಿ ಮಣ್ಣು ತೊಳೆಯುವ ನಾಲ್ಕು ತಿಂಗಳೇ ಕೈಬಿಟ್ಟುಹೋದವು. 1990ರ ದಶಕದ ನಡುವೆ ದೇಶದ ಸಿಗಡಿ ಕೊಳಗಳಿಗೆ ಬಿಳಿಚುಕ್ಕೆ ರೋಗ ಬಡಿಯಿತು, 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ವಾಣಿಜ್ಯ ಸಿಗಡಿ ಕೊಳಗಳ ವಿರುದ್ಧ ತೀರ್ಪು ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾನೂನು ಬಂದು ದಾರಿ ಮತ್ತೆ ತೆರೆಯಿತು. ಈ ನಡುವೆ ಸಾಗುವಳಿ ಬಿಟ್ಟ ಗಜನಿಗಳಲ್ಲಿ ಕೆಲವಕ್ಕೆ ಕಾಂಡ್ಲಾ ತಾನೇ ನುಗ್ಗಿದೆ, ಕೆಲವು ಬರಿ ಕೆಸರಾಗಿ ನಿಂತಿವೆ.

ಹೊಳೆಯ ಸಿಹಿನೀರು ಎಷ್ಟು ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಇದಕ್ಕೆ ಹೊನ್ನಾವರ ಮತ್ತು ಕುಮಟಾ ಜೋಡಿ ಉದಾಹರಣೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಅಣೆಕಟ್ಟುಗಳಿವೆ. ವಿದ್ಯುತ್ ತಯಾರಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುವುದರಿಂದ ಅಳಿವೆಯ ಉಪ್ಪು ತೆಳುವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿ ಬಳಚು ಕಡಿಮೆಯಾದದ್ದನ್ನೂ, ಕಡಿಮೆ ಉಪ್ಪು ಬಯಸುವ ಸೊನ್ನೆರೇಷಿಯ ಕೇಸಿಯೊಲಾರಿಸ್ ಜಾತಿಯ ಕಾಂಡ್ಲಾ ಇರುವುದನ್ನೂ ದಾಖಲಿಸಿದ್ದಾರೆ. ದೊಡ್ಡ ಅಣೆಕಟ್ಟೇ ಇಲ್ಲದ ಅಘನಾಶಿನಿಯಲ್ಲಿ ಬೇಸಿಗೆಯ ಉಪ್ಪು ಹಳೆಯ ಲಯದಲ್ಲೇ ಏರುತ್ತದೆ. ಬಳಚಿನ ರಾಶಿ ಅಲ್ಲಿದೆ, ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರವೂ ಅಲ್ಲಿದೆ. ಗದ್ದೆಗೆ ಕಾಟವಾದ ಬೇಸಿಗೆಯ ಆವಿ ಉಪ್ಪಿನಾಗರದಲ್ಲಿ ದುಡಿಮೆ. 4,801 ಹೆಕ್ಟೇರಿನ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು.

ವೆಂಕಟಾಪುರದಂಥ ಗಿಡ್ಡ ಹೊಳೆಗೆ ಶರಾವತಿಯ ಅಣೆಕಟ್ಟಿನ ನೀರೂ ಇಲ್ಲ, ಅಘನಾಶಿನಿಯ ಅಗಲವಾದ ಅಳಿವೆಯೂ ಇಲ್ಲ. ಘಟ್ಟದಿಂದ ಕಡಲಿಗೆ ಅಂತರ ಕಡಿಮೆ. ಮಳೆಗಾಲದಲ್ಲಿ ಉಕ್ಕಿ ಹರಿಯುತ್ತದೆ, ಬೇಸಿಗೆಗೆ ಸೊರಗುತ್ತದೆ. ಸೊರಗಿದ ಹೊಳೆಯಲ್ಲಿ ಭರತ ಮೇಲೇರಿ ದಂಡೆಯ ಬಾವಿಗಳನ್ನು ತಲುಪುತ್ತದೆ. ಕರಾವಳಿಯ ಕಿಂಡಿ ಅಣೆಕಟ್ಟುಗಳು ಮಾಡುವ ಕೆಲಸ ಇಲ್ಲಿಯದು: ಮಳೆ ಮುಗಿಯುವಾಗ ಹಲಗೆ ಹಾಕಿ ಸಿಹಿನೀರನ್ನು ಮೇಲ್ಗಡೆ ನಿಲ್ಲಿಸುವುದು, ಉಪ್ಪನ್ನು ಕೆಳಗೇ ತಡೆಯುವುದು. ಹಲಗೆ ಹಾಕುವುದು ತಡವಾದರೆ ಒಳಸೇರಿದ ಉಪ್ಪು ಹಲಗೆಯ ಹಿಂದೆಯೇ ಉಳಿದು ಬಾವಿಗಳಿಗೆ ಇಳಿಯುತ್ತದೆ. ಹೊರಗೆ ಸಮುದ್ರವೂ ಇದ್ದಲ್ಲಿಲ್ಲ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿಲಿಮೀಟರಿನಂತೆ ಏರಿದೆಯೆಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಒಡ್ಡಿನ ಎತ್ತರವನ್ನು ಹಳೆಯ ಭರತದ ಅಂದಾಜಿನಲ್ಲಿ ಕಟ್ಟಿದ ಗಜನಿಗಳಿಗೆ ಇದು ನೇರ ಲೆಕ್ಕ.

ಹೀಗಿರುವಾಗ ಗಜನಿಯ ಮಣ್ಣು ಪರೀಕ್ಷೆ ಒಳನಾಡಿನ ಪರೀಕ್ಷೆಯಂತೆ ನಡೆಯಲಾಗದು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ವಾಹಕತೆ, ರಸಸಾರ ಸೇರಿ 12 ಅಂಶಗಳನ್ನು ತೋರಿಸುತ್ತದೆ. ಒಳನಾಡಿನ ಹೊಲಕ್ಕೆ ಒಂದು ಮಾದರಿ ಸಾಕು. ಗಜನಿಯಲ್ಲಿ ಕನಿಷ್ಠ ಎರಡು ಸಲ ತೆಗೆಯಬೇಕು, ಏಪ್ರಿಲ್–ಮೇಯಲ್ಲಿ ಒಮ್ಮೆ, ಬಿತ್ತನೆಯ ನಂತರ ಜುಲೈ–ಆಗಸ್ಟ್‌ನಲ್ಲಿ ಇನ್ನೊಮ್ಮೆ; ಪ್ರತಿ ಸಲವೂ ಮೇಲ್ಪದರದಿಂದ ಒಂದು, ಮೊಳಕಾಲಾಳದಿಂದ ಮತ್ತೊಂದು. ಕಪ್ಪು ಕೆಸರಿನ ಮಾದರಿಯ ರಸಸಾರವನ್ನು ಒದ್ದೆಯಿದ್ದಾಗ ಒಮ್ಮೆ, ಕೆಲವು ವಾರ ಗಾಳಿಗೆ ಒಣಗಿಸಿ ಮತ್ತೊಮ್ಮೆ ನೋಡಬೇಕು. ಎರಡನೆಯ ಸಂಖ್ಯೆ 4ರ ಕೆಳಗೆ ಜಾರಿದರೆ ಆ ಜಾಗದಲ್ಲಿ ಕೊಳ ತೋಡುವ ಯೋಜನೆಯನ್ನು ಅಲ್ಲಿಗೇ ಬಿಡುವುದು ಲೇಸು.